ಪಿಂಗಾಣಿ ದಾರಿ

ಮುನಿವೆಂಕಟಮ್ಮ ಆ ದಿನ ಮಹದೇವಪುರಕ್ಕೆ ಬಂದದ್ದು ಯಾರದೋ ಮನೆಯ ನಾಮಕರಣಕ್ಕೆ. ಹೊರಡುವ ಮುಂಚೆ, ಬಂದದ್ದು ಬಂದಾಯಿತು, ಹುಡುಗಿಯ ಮನೆಯನ್ನೂ ಕಂಡು ಹೋಗೋಣವೆಂದು ಮುನಿಆಂಜನಪ್ಪನ ಗೇಟು ತೆಗೆದಳು. ಅವಳ ಮಗ ಹಲಸೂರಿನಲ್ಲಿ ಓದಿ, ಯುದ್ಧ ಶುರುವಾದ ಮೇಲೆ ಮಿಲಿಟರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಮುನಿಆಂಜನಪ್ಪನ ಮಗಳು ಯಶೋದೆಗೆ ಅವನನ್ನು ಕೇಳಿ ಕಳಿಸಿ ಎರಡು ತಿಂಗಳಾಗಿತ್ತು.

ಗೇಟಿನ ಒಳಗೇ ಬೇವಿನ ಮರದ ಬುಡದಲ್ಲಿ ಮನೆದೇವರು ಮುನೇಶ್ವರನ ಕಲ್ಲಿತ್ತು. ಹಾಗಾಗಿ ಆ ಮನೆಗೆ ಯಾರೇ ಬಂದರೂ ಚಪ್ಪಲಿ ಗೇಟಿನ ಹೊರಗೆ. ಮುನಿವೆಂಕಟಮ್ಮನೂ ಬಿಟ್ಟಳು. ಗೇಟಿನಿಂದ ಜಗಲಿಗೆ ನಲವತ್ತು ಹೆಜ್ಜೆ. ದಸರೆಯ ಮಳೆ ನಿಂತು ಎರಡು ದಿನವಾಗಿದ್ದರೂ ಅಂಗಳದ ಜೇಡಿ ಮಣ್ಣು ಆರಿರಲಿಲ್ಲ. ಅವಳು ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಎರಡು ಸಲ ಜಾರಿ, ಜಗಲಿ ಮುಟ್ಟಿದಳು.

"ಹೆಣ್ಣೇನೋ ಲಕ್ಷಣವಾಗಿದಾಳೆ," ಎಂದಳು, ಪಾದಕ್ಕೆ ಹಾಕಿದ ನೀರು ಕೆಂಪಗೆ ಹರಿಯುವುದನ್ನು ನೋಡುತ್ತ. "ಆದ್ರೆ ನಿಮ್ಮನೆಗೆ ಸಂಬಂಧ ಮಾಡೋರು ಮೊದಲು ಗದ್ದೆ ತುಳಿಯೋದು ಕಲೀಬೇಕು."

ಎಲ್ಲರೂ ಅವಳ ಜೊತೆ ನಕ್ಕರು. ಅವಳು ಹೋದ ಮೇಲೆ ಯಾರೂ ನಗಲಿಲ್ಲ.

ಅಂದು ಸಂಜೆ ಮುದ್ದೆ, ಹುರುಳಿ ಸಾರಿನ ಮುಂದೆ ಕುಳಿತಾಗ ಮುನಿಆಂಜನಪ್ಪನೇ ಮಾತು ತೆಗೆದ. ಕ್ಯಾಂಟೋನ್ಮೆಂಟಿನ ಬಂಗಲೆಗಳಿಗೂ ಮಿಲಿಟರಿ ಕ್ಯಾಂಪಿಗೂ ಹೂಕೋಸು, ಕ್ಯಾರೆಟ್ಟು ಹಾಕಿ ಅವನ ಕೈಯಲ್ಲಿ ಈಗ ನಾಲ್ಕು ಕಾಸು ಓಡಾಡುತ್ತಿತ್ತು. ಹೆಂಚಿನ ಮನೆ ಕಟ್ಟಿಸಿದ್ದ. ಅಂಗಳದ ಮಾತು ಅವನಿಗೆ ತಾಕಿತ್ತು.

"ಒಂದು ದಾರಿ ಮಾಡಿಸ್ಬೇಕು. ಕಾರ್ತೀಕದಲ್ಲಿ ಅವರು ಶಾಸ್ತ್ರವಾಗಿ ಬರೋ ಹೊತ್ತಿಗೆ, ಗೇಟಿಂದ ಜಗಲಿಗೆ. ನೋಡ್ದೋರು ಬಾಯಿ ಮುಚ್ಕೋಬೇಕು."

"ಡಿಪೋ ಹಿಂದೆ ಬೀರ್ ಬಾಟ್ಲಿ ಗುಡ್ಡೆ ಬಿದ್ದೈತೆ," ಎಂದ ಮಗ ಅಂಜನಮೂರ್ತಿ. ಅವನು ಮಿಲಿಟರಿ ಡಿಪೋದಲ್ಲಿ ಸಾಮಾನು ಎಣಿಸುವ ಕೆಲಸದಲ್ಲಿದ್ದ. "ಕತ್ತು ಕೆಳಗೆ ಮಾಡಿ ಸಾಲಾಗಿ ಹೂತ್ರೆ ಎರಡು ಕಡೆ ಹಸಿರು ಅಂಚು. ಸಾಹೇಬ್ರ ಮೆಸ್ ಮುಂದೆ ಹಂಗೇ ಮಾಡವ್ರೆ."

"ಮುನೇಶ್ವರನ ಮುಂದೆ ಸಾರಾಯಿ ಬಾಟ್ಲಿನಾ?" ಎಂದಳು ತಾಯಿ ಗಂಗಲಕ್ಷ್ಮಮ್ಮ.

"ಅವನೇನೂ ಬೇಡ ಅನ್ನಲ್ಲ ಬಿಡು," ಎಂದ ಮುನಿಆಂಜನಪ್ಪ. "ಖಾಲಿ ಇಟ್ಟವ್ರಲ್ಲ ಅಂತ ಸಿಟ್ಟಾಗ್ತಾನೆ ಅಷ್ಟೆ."

ಯಶೋದೆ ಬಾಗಿಲ ಸಂದಿಯಿಂದ ಹೇಳಿದಳು: "ಇಟ್ಟಿಗೆ ಓರೆಯಾಗಿ ನೆಟ್ಟು, ಒಂದಕ್ಕೆ ಸುಣ್ಣ ಒಂದಕ್ಕೆ ಜಾಜು ಬಳಿದ್ರೆ ಚೆಂದ ಅಪ್ಪ."

"ಅದು ಪೊಲೀಸ್ ಠಾಣೆ ಮುಂದೆ ಇರ್ತದೆ ಕಣಮ್ಮ. ಬೀಗ್ರು ಕಂಪ್ಲೇಂಟ್ ಕೊಡೋಕೆ ಬರಲ್ಲ." ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಹಲಸೂರು ಕೆರೆ ಹತ್ರ ಒಂದು ಬಂಗ್ಲೆಗೆ ಕೋಸು ಹಾಕ್ತೀನಲ್ಲ. ಅಲ್ಲಿ ಪಿಂಗಾಣಿ ಚೂರು ಸಿಮೆಂಟಲ್ಲಿ ಕೂರಿಸಿ ದಾರಿ ಮಾಡವ್ರೆ. ನೀಲಿ, ಬಿಳಿ, ಹಸಿರು. ಬಿಸಿಲು ಬಿದ್ರೆ ರಂಗೋಲಿಗೆ ದೀಪ ಹಚ್ಚಿದಂಗೆ. ಆ ಥರದ್ದು ಬೇಕು ನಂಗೆ."

"ಅಷ್ಟು ಚೂರು ಎಲ್ಲಿಂದ ತರ್ತೀರಿ?" ಎಂದಳು ಗಂಗಲಕ್ಷ್ಮಮ್ಮ.

ಕೇಳಿದವಳು ಗಂಡನನ್ನು ನೋಡಲಿಲ್ಲ. ಅಟ್ಟವನ್ನು ನೋಡಿದಳು. ಸಾರು ಬಡಿಸುತ್ತಿದ್ದ ಸೊಸೆ ಆದಿಲಕ್ಷ್ಮಿ ಅದನ್ನು ಕಂಡಳು.

ಅಟ್ಟದ ಮೇಲೆ ಅವಳ ಟ್ರಂಕಿತ್ತು. ಅದರಲ್ಲಿ, ಹುಲ್ಲಿನ ಮಧ್ಯೆ, ನೀಲಿ ಹೂವಿನ ಪಿಂಗಾಣಿ ಸೆಟ್ಟು: ತಟ್ಟೆ, ಬೋಗುಣಿ, ಕಪ್ಪು, ಸಾಸರು ಎಲ್ಲ ಸೇರಿ ನಲವತ್ತೆಂಟು. ಅವಳ ತಂದೆ ಚಲುವಯ್ಯ ಇಪ್ಪತ್ತೆರಡು ವರ್ಷ ಒಂದು ಬಂಗಲೆಯಲ್ಲಿ ಬಟ್ಲರನಾಗಿದ್ದ. ದೊರೆಸಾನಿ ಊರಿಗೆ ಮರಳುವಾಗ ಅದನ್ನು ಅವನಿಗೆ ಕೊಟ್ಟಳು. ಅವನು ಮಗಳಿಗೆ ಕೊಟ್ಟ. ಮದುವೆಯ ಮಾರನೆಯ ದಿನ ಗಂಗಲಕ್ಷ್ಮಮ್ಮ ಟ್ರಂಕಿನ ಬಾಯಿ ತೆಗೆದು ನೋಡಿ ಮುಚ್ಚಿದಳು. "ದೊರೆಗಳು ಏನೇನೋ ತಿಂದ ತಟ್ಟೆ. ನಮ್ಮ ಒಲೆ ಹತ್ರ ತರಬೇಡ." ನಾಲ್ಕು ವರ್ಷದಿಂದ ಅದು ಕೆಳಗಿಳಿದಿರಲಿಲ್ಲ.

ಈಗ ಇಳಿಯುವ ಕಾಲ ಬಂದಿತ್ತು. ಯುದ್ಧದಿಂದ ಹಡಗು ನಿಂತು ಹೊಸ ಪಿಂಗಾಣಿ ಬರುತ್ತಿರಲಿಲ್ಲ. ಕ್ಯಾಂಟೋನ್ಮೆಂಟಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದ ಅಹ್ಮದ್ ಪಾಷಾ ಚಲುವಯ್ಯನ ಹಳೇ ಪರಿಚಯ. ಆ ಸೆಟ್ಟಿಗೆ ಬದಲಾಗಿ ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಮಿಷನ್ನು ಕೊಡುತ್ತೇನೆಂದಿದ್ದ. ಒಂದೇ ಷರತ್ತು: ಸೆಟ್ಟು ಪೂರ್ತಿ ಇರಬೇಕು, ಒಂದು ಸಾಸರು ಕಡಿಮೆಯಾದರೂ ಬೇಡ. ಆದಿಲಕ್ಷ್ಮಿ ಮರ್ಫಿ ಟೌನಿನ ಶಾಲೆಯಲ್ಲಿ ಹೊಲಿಗೆ ಕಲಿತವಳು. ಕ್ಯಾಂಟೋನ್ಮೆಂಟಿನ ಟೈಲರುಗಳು ಮಿಲಿಟರಿ ಅಂಗಿಯ ಕಾಲರು, ಜೇಬು ಮನೆಮನೆಗೆ ಹೊಲಿಯಲು ಕೊಡುತ್ತಿದ್ದ ಕಾಲ ಅದು. ಮಿಷನ್ನು ಬಂದರೆ ಒಂದು ಸೋಪಿಗೆ, ತಂದೆಯ ಕಣ್ಣಿನ ಔಷಧಿಗೆ ಅತ್ತೆಯ ಮುಂದೆ ಕೈಯೊಡ್ಡಿ ನಿಲ್ಲಬೇಕಾಗಿರಲಿಲ್ಲ.

"ಈ ಸೋಮವಾರ ನಿಮಗೆ ರಜಾ ಇದೆಯಲ್ಲ," ಎಂದಳು ಗಂಡನಿಗೆ, ಅವನು ಡಿಪೋಗೆ ಹೊರಡುವಾಗ. "ಗಾಡಿಯಲ್ಲಿ ಟ್ರಂಕು ಹಾಕ್ಕೊಂಡು ಪಾಷಾ ಅಂಗಡಿಗೆ ಹೋಗಿಬಂದ್ಬಿಡೋಣ."

"ಮಿಷನ್ನು ಬಂದ್ರೆ ಮನೆ ಕೆಲಸ ಯಾರು ಮಾಡ್ತಾರೆ ಅಂತಾಳೆ ಅಮ್ಮ."

"ನೀವೇನಂತೀರಿ?"

"ನಾನೇನಂತೀನಿ. ಮೊದಲು ಈ ದಾರಿ ಕೆಲಸ ಮುಗೀಲಿ."

ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿತ್ತು. ಯಾರೋ ಅಧಿಕಾರಿಯ ಅಡುಗೆಯವನಿಗೆ ಎರಡು ವಾರ ಬಿಟ್ಟಿ ತರಕಾರಿ ಹೋಯಿತು, ನಾಲ್ಕು ಮೂಟೆ ಮನೆಗೆ ಬಂತು. ಬಂಗಲೆಗಳ ತಿಪ್ಪೆಯಲ್ಲಿ ಹುಡುಕಿಸಿದ ಪಿಂಗಾಣಿ ಚೂರು ಮಾತ್ರ ಒಂದೂವರೆ ಬುಟ್ಟಿ ದಾಟಲಿಲ್ಲ. ಯುದ್ಧದ ಕಾಲದಲ್ಲಿ ದೊರೆಸಾನಿಯರೂ ಕಪ್ಪು ಜೋಪಾನವಾಗಿ ತೊಳೆಸುತ್ತಿದ್ದರು.

ದೀಪಾವಳಿ ಹತ್ತಿರ ಚಲುವಯ್ಯ ಮಗಳನ್ನು ನೋಡಲು ಬಂದ. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಿದ್ದ. ಗೋಡೆ ಹಿಡಿದುಕೊಂಡು ಜಗಲಿ ಹತ್ತಿದ. ಗಂಗಲಕ್ಷ್ಮಮ್ಮ ಅವನಿಗೆ ಜಗಲಿಯಲ್ಲೇ ಎಲೆ ಹಾಕಿಸಿದಳು.

"ಒಳಗೆ ಬನ್ನಿ ಅಂತಿದ್ದೆ ಬೀಗ್ರೇ. ಆದ್ರೆ ನೀವು ಕೈಯಲ್ಲಿ ಮುಟ್ಟದೇ ಇರೋ ಮಾಂಸ ಲೋಕದಲ್ಲಿ ಯಾವುದೂ ಇಲ್ಲ. ನಮ್ಮನೇಲಿ ದೇವರಿದ್ದಾನೆ."

"ಇಲ್ಲಿ ಗಾಳಿ ಚೆನ್ನಾಗಿದೆ ಬೀಗಿತ್ತಿ," ಎಂದ ಚಲುವಯ್ಯ, ಅನ್ನಕ್ಕೆ ಕೈ ತಡಕುತ್ತ. ಎಲೆಯಲ್ಲಿ ರೇಷನ್ನಿನ ನುಚ್ಚಕ್ಕಿ ಅನ್ನ ಒಂದು ಮುಷ್ಟಿಯಷ್ಟಿತ್ತು. ಹಪ್ಪಳ ಬಡಿಸಿರಲಿಲ್ಲ. ಇದೆಯೆಂದುಕೊಂಡು ಅವನು ಎಲೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ಹುಡುಕಿದ.

ಎಲೆ ಎತ್ತುವಾಗ ಆದಿಲಕ್ಷ್ಮಿ ದಾರಿಯ ವಿಷಯ ಹೇಳಿದಳು. ಅವನ ಮುಖ ಬೆಳಗಿತು.

"ನಮ್ಮ ದೊರೆಸಾನಿ ತೋಟದಲ್ಲಿ ಅಂಥಾದ್ದು ನಾನೇ ನಿಂತು ಮಾಡಿಸಿದ್ದೆ. ಚೂರು ಕೂರಿಸೋದು ದೊಡ್ಡದಲ್ಲಮ್ಮ. ಒಂದೊಂದು ಚೂರಿನ ಅಂಚೂ ಸಾಣೆಕಲ್ಲಲ್ಲಿ ನೀರು ಹಾಕಿ ಉಜ್ಜಬೇಕು. ಕೂರಿಸಿದ ಮೇಲೆ ಇನ್ನೊಂದು ಸಲ. ಅಂಗೈ ಆಡಿಸಿದ್ರೆ ರೇಷ್ಮೆ ಹಾಗಿರಬೇಕು. ದೊರೆಗಳೇನೋ ಬೂಟು ಹಾಕಿ ಓಡಾಡ್ತಾರೆ, ಮಕ್ಕಳು ಬರಿಗಾಲಲ್ಲಿ ಓಡ್ತಾವಲ್ಲ. ಹದಿನೈದು ದಿನ ಉಜ್ಜಿಸಿದ್ದೆ ನಾನು."

ಬಾಗಿಲ ಹಿಂದೆ ಯಶೋದೆ ರಾಗಿ ಕೇರುತ್ತಿದ್ದಳು. ಮೊರದ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು.

"ಮಿಷನ್ನು ತಂದ್ಯಾ?" ಎಂದು ಕೇಳಿದ ಚಲುವಯ್ಯ, ಹೊರಡುವಾಗ.

"ಮುಂದಿನ ಸೋಮವಾರ ಅಪ್ಪ."

ಆ ಸೋಮವಾರ ಬರುವ ಮುಂಚೆ ದೊಡ್ಡನೆಕ್ಕುಂದಿಯಲ್ಲಿ ಮುನಿಆಂಜನಪ್ಪನ ದಾಯಾದಿ ಅಣ್ಣ ತೀರಿಕೊಂಡ. ಮನೆಗೆ ಸೂತಕ ಬಂತು. ಸೂತಕ ಕಳೆಯುವ ದಿನ ಮನೆಯಲ್ಲಿದ್ದ ಮಣ್ಣಿನ ಮಡಕೆ ಕುಡಿಕೆಗಳನ್ನೆಲ್ಲ ಹೊರಗೆ ಒಡೆದು ಹಾಕಿ ಹೊಸದು ತರುವುದು ಅವರ ಪದ್ಧತಿ. ತಾಮ್ರ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತೊಳೆಯಬಹುದು, ಮಣ್ಣು ಸೂತಕ ಹೀರಿಕೊಳ್ಳುತ್ತದೆ. ಹನ್ನೊಂದನೆಯ ದಿನ ಬೆಳಿಗ್ಗೆ ಗಂಗಲಕ್ಷ್ಮಮ್ಮ ನೀರಿನ ಮಡಕೆ, ಮೊಸರಿನ ಕುಡಿಕೆ, ಸಾರಿನ ಗಡಿಗೆ ಒಂದೊಂದಾಗಿ ಅಂಗಳಕ್ಕೆ ತಂದು ಒಡೆದಳು. ಆಮೇಲೆ ಮಗನನ್ನು ಕರೆದಳು.

"ಅಟ್ಟದಿಂದ ಆ ಟ್ರಂಕು ಇಳಿಸು."

ಆದಿಲಕ್ಷ್ಮಿ ಒಲೆ ಸಾರಿಸುತ್ತಿದ್ದವಳು ಸಗಣಿ ಕೈಯಲ್ಲೇ ಹೊರಗೆ ಬಂದಳು.

"ಅದು ಯಾಕತ್ತೆ?"

"ಪಿಂಗಾಣಿ ಅಂದ್ರೆ ಯಾವ್ದು? ಮಣ್ಣು ತಾನೆ?"

"ಅದರಲ್ಲಿ ಯಾರೂ ಉಂಡಿಲ್ಲ. ನಾಲ್ಕು ವರ್ಷದಿಂದ ಹುಲ್ಲಲ್ಲಿದೆ."

"ಸತ್ತ ಸೂತಕ ಹುಲ್ಲು ಸರಿಸಿ ನೋಡಲ್ಲ. ಮನೇಲಿತ್ತೋ ಇಲ್ವೋ?"

"ಹಾಗಾದ್ರೆ ಉಪ್ಪಿನಕಾಯಿ ಜಾಡಿಗಳೂ ಪಿಂಗಾಣಿಯೇ ಅಲ್ವಾ ಅತ್ತೆ? ಮೂರಿದ್ದಾವೆ."

ಗಂಗಲಕ್ಷ್ಮಮ್ಮ ಸೊಸೆಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಜಾಡಿ ನಮ್ಮತ್ತೆ ತಂದಿದ್ದು. ನಿಮ್ಮಪ್ಪ ಎಂಜಲು ಬಳಿದು ತಂದಿದ್ದಲ್ಲ."

ಆದಿಲಕ್ಷ್ಮಿ ಗಂಡನ ಕಡೆ ತಿರುಗಿದಳು. ಅವನು ಟ್ರಂಕನ್ನು ಇಳಿಸಿಯಾಗಿತ್ತು.

"ಪಾಷಾ ಕಾಯ್ತಿರ್ತಾರೆ ಅಂತ ನಿಮಗೆ ಗೊತ್ತು."

"ಸೂತಕದ ಸಾಮಾನು ಇನ್ನೊಬ್ಬರಿಗೆ ದಾಟಿಸಬಾರದು ಕಣೆ," ಎಂದ ಅಂಜನಮೂರ್ತಿ, ಟ್ರಂಕಿನ ಚಿಲಕ ನೋಡುತ್ತ. "ತಗೊಂಡೋರಿಗೂ ಒಳ್ಳೇದಲ್ಲ."

"ಹೆಂಗೂ ಒಡೀಬೇಕು," ಎಂದ ಮುನಿಆಂಜನಪ್ಪ ಜಗಲಿಯಿಂದ, ಯಾರ ಮುಖವನ್ನೂ ನೋಡದೆ. "ಒಡೆದಿದ್ದು ತಿಪ್ಪೆಗೆ ಹೋಗೋ ಬದ್ಲು ದಾರಿಗೆ ಬರ್ಲಿ. ದಾರಿಗೇನು ಸೂತಕ."

"ಅವಳೇ ಒಡೀಲಿ," ಎಂದಳು ಗಂಗಲಕ್ಷ್ಮಮ್ಮ. "ಗಂಡಸರು ಒಡೆದ್ರೆ ಪುಡಿ ಮಾಡ್ತಾರೆ. ಒಂದೊಂದು ಚೂರು ರೂಪಾಯಿ ಅಗಲ ಇರ್ಬೇಕು ನೋಡಮ್ಮ."

ಅವಳು ಒಡೆದಳು. ತಟ್ಟೆಯನ್ನು ಗೋಣಿಯಲ್ಲಿ ಸುತ್ತಿ, ಸುತ್ತಿಗೆಯ ಒಂದು ಏಟು, ಬಿಚ್ಚಿ ಬುಟ್ಟಿಗೆ. ಬಿಸಿಲು ಬೇವಿನ ಮರದ ಈ ಕಡೆಯಿಂದ ಆ ಕಡೆಗೆ ಹೋಗುವ ತನಕ. ಗಂಗಲಕ್ಷ್ಮಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಎರಡು ಸಲ ಎಲೆಯಡಿಕೆ ಹಾಕಿಕೊಂಡಳು. "ಇದು ದೊಡ್ಡದಾಯ್ತು, ಇನ್ನೊಂದು ಹಾಕು," ಎಂದು ಒಂದು ಚೂರನ್ನು ಕಾಲ ಬೆರಳಿನಿಂದ ದೂಡಿದಳು. ಎಣಿಕೆ ಆದಿಲಕ್ಷ್ಮಿಯ ಬಾಯಿಗೆ ತಾನಾಗಿಯೇ ಬರುತ್ತಿತ್ತು. ನಲವತ್ತೇಳಕ್ಕೆ ಟ್ರಂಕು ಮುಗಿಯಿತು. ಒಂದು ಕಪ್ಪು ಇರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ.

ವಾರ ಕಳೆದು ಗಾರೆ ಕೆಲಸದ ಶಫಿ ಬಂದು ಜಲ್ಲಿ ಹಾಕಿ ದಮ್ಮಸು ಮಾಡಿದ. ಸಿಮೆಂಟು ಕಲಸಿ ದಿನಕ್ಕೆ ಹತ್ತು ಹೆಜ್ಜೆಯಷ್ಟು ಹರಡಿಕೊಡುತ್ತಿದ್ದ. ಅದು ಗಟ್ಟಿಯಾಗುವ ಮುಂಚೆ ಚೂರು ಕೂರಿಸುವುದು ಆದಿಲಕ್ಷ್ಮಿಯ ಕೆಲಸ. ಬೆರಳ ತುದಿಗಳು ಮೊದಲನೆಯ ದಿನವೇ ಕೊಯ್ದವು. ಆ ಕೈಯಲ್ಲೇ ಮಧ್ಯಾಹ್ನ ಖಾರ ಅರೆದಳು.

"ಅಮ್ಮಾ, ಇದು ಭಾಳ ಚೂಪಾಗೈತೆ," ಎಂದ ಶಫಿ. "ಬಂಗ್ಲೇಲಿ ಉಜ್ತಾರೆ. ನಿಮ್ಮತ್ತೇರಿಗೆ ಹೇಳಿ."

ಅವಳು ಹೋಗಿ ಅತ್ತೆಯ ಮುಂದೆ ನಿಂತಳು. "ಅತ್ತೆ, ಚೂರಿನ ಅಂಚಿಗೆ..."

"ಮತ್ತೆ ಏನು ನೆಪ? ಬೀಗ್ರು ಬರೋಕೆ ಹತ್ತೇ ದಿನ ಐತೆ. ಬಾಯಿ ಮುಚ್ಕೊಂಡು ಕೈ ಆಡಿಸು. ನಿಮ್ಮಪ್ಪ ಇಪ್ಪತ್ತೆರಡು ವರ್ಷ ಹಂಗೇ ಬದುಕಿದ್ದು."

ಆದಿಲಕ್ಷ್ಮಿ ತಿರುಗಿ ಬಂದು ಕುಳಿತಳು. "ಏನಂದ್ರು?" ಎಂದ ಶಫಿ.

"ಸರಿಯಾಗಿದೆಯಂತೆ."

ಆಮೇಲೆ ಅವಳು ಬಾಯಿ ಬಿಡಲಿಲ್ಲ. ಕೈ ಆಡಿತು. ಮಧ್ಯದಲ್ಲಿ ನೀಲಿ ಬಳ್ಳಿ, ಎರಡು ಕಡೆ ಬಿಳಿ, ಜಗಲಿಯ ಹತ್ತಿರ ಒಂದು ದೊಡ್ಡ ಕಮಲ. ಕಮಲಕ್ಕೆ ಬೋಗುಣಿಯ ಚೂರುಗಳು ಬಂದವು. ಅವು ಬಾಗಿದ ಚೂರುಗಳು, ಸಿಮೆಂಟಿನ ಮೇಲೆ ತುಸು ಎದ್ದು ನಿಂತವು. ಅಂಜನಮೂರ್ತಿ ಡಿಪೋದಿಂದ ಬಾಟ್ಲಿ ತಂದು ಅಂಚಿಗೆ ಹೂತ. ಯಶೋದೆಯ ಇಟ್ಟಿಗೆಯೂ ಗೇಟಿನ ಹತ್ತಿರ ನಾಲ್ಕು ನಿಂತಿತು. ಕೆಲಸ ಮುಗಿದ ದಿನ ದಾರಿಯ ಮೇಲೆ ಒದ್ದೆ ಗೋಣಿ ಹೊದಿಸಿ, ಬೀಗರು ಬರುವ ತನಕ ಯಾರೂ ತುಳಿಯಕೂಡದೆಂದು ಗಂಗಲಕ್ಷ್ಮಮ್ಮ ಕಟ್ಟಪ್ಪಣೆ ಮಾಡಿದಳು. ದಿನಾ ಮೂರು ಸಲ ಗೋಣಿಗೆ ನೀರು ಚೆಲ್ಲುವುದು ಯಶೋದೆಯ ಪಾಲಿಗೆ ಬಂತು. ಅವಳು ಅದನ್ನು ಹಾಡಿಕೊಂಡು ಮಾಡುತ್ತಿದ್ದಳು.

ಬೀಗರು ಬಂದದ್ದು ಒಂದು ಗುರುವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಎರಡು ಜಟಕಾಗಳಲ್ಲಿ. ಮನೆಯಲ್ಲಿ ರೇಷನ್ನಿನ ಸಕ್ಕರೆ ಕೂಡಿಸಿಟ್ಟು ಕೇಸರಿಬಾತು ಮಾಡಿದ್ದರು. ಗೋಣಿ ತೆಗೆದಾಗಿತ್ತು. ಎಳೆ ಬಿಸಿಲಲ್ಲಿ ದಾರಿ ಇಡೀ ಹೊಳೆಯುತ್ತಿತ್ತು. ಹುಡುಗನ ತಂದೆ ಚಿಕ್ಕಮುನಿಯಪ್ಪ ಗೇಟಿನಲ್ಲೇ ನಿಂತುಬಿಟ್ಟ.

"ಏನ್ರೀ ಮುನಿಆಂಜನಪ್ಪ, ಮನೇನ ಬಂಗ್ಲೆ ಮಾಡ್ಬಿಟ್ರಲ್ಲ."

"ಏನೋ, ನಮ್ಮ ಕೈಲಾಗಿದ್ದು," ಎಂದ ಮುನಿಆಂಜನಪ್ಪ. ಎರಡು ತಿಂಗಳಿನಿಂದ ಈ ಮಾತಿಗೇ ಕಾದಿದ್ದ ಅವನ ಬಾಯಿ ಕಿವಿಯ ತನಕ ಹೋಯಿತು.

ಎಲ್ಲರೂ ಚಪ್ಪಲಿ ಬಿಟ್ಟರು. ಚೊಂಬು ಹಿಡಿದು ಗೇಟಿನ ಹತ್ತಿರ ನಿಂತಿದ್ದ ಆದಿಲಕ್ಷ್ಮಿ ಒಬ್ಬೊಬ್ಬರ ಕಾಲಿಗೂ ನೀರು ಹಾಕಿದಳು. ಮುನಿವೆಂಕಟಮ್ಮನ ಪಾದ ದಪ್ಪವಾಗಿತ್ತು, ಮೃದುವಾಗಿತ್ತು, ಬೆರಳಿಗೆ ಅರಿಶಿನ ಹಚ್ಚಿಕೊಂಡಿದ್ದಳು.

"ಈ ಸಲ ಸೀರೆ ಎತ್ತೋ ಹಾಗಿಲ್ಲ," ಎಂದು ನಕ್ಕಳು ಮುನಿವೆಂಕಟಮ್ಮ. "ಯಾರು ಮಾಡಿದ್ದು ಇಷ್ಟು ಚೆನ್ನಾಗಿ?"

"ನಮ್ಮ ಯಶೋದೆನೇ," ಎಂದಳು ಗಂಗಲಕ್ಷ್ಮಮ್ಮ ಜಗಲಿಯಿಂದ ಕೂಗಿ. "ಒಂದೊಂದು ಚೂರೂ ಅವಳ ಕೈಯದ್ದು."

ಆದಿಲಕ್ಷ್ಮಿ ಚೊಂಬು ಕೆಳಗಿಟ್ಟಳು. ದಾರಿಯ ಪಕ್ಕದ ಮಣ್ಣು ಒಣಗಿ ಚೊಕ್ಕಟವಾಗಿತ್ತು. ಈ ಕಡೆಯಿಂದ ಬನ್ನಿ ಎಂದಿದ್ದರೆ ಬರುತ್ತಿದ್ದರು. ಕಿಟಕಿಯ ಸರಳಿನ ಹಿಂದೆ ಯಶೋದೆಯ ತಲೆಯ ಕನಕಾಂಬರ ಕಾಣುತ್ತಿತ್ತು. ಆದಿಲಕ್ಷ್ಮಿ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು.

ಗಂಡಸರ ಅಂಗಾಲು ಗಟ್ಟಿ. ಅವರು ಹತ್ತು ಹೆಜ್ಜೆಗೆ ಸುಮ್ಮನಾದರು, ಇಪ್ಪತ್ತಕ್ಕೆ ನಿಧಾನವಾದರು, ಆದರೂ ಜಗಲಿ ಮುಟ್ಟಿದರು. ಮುನಿವೆಂಕಟಮ್ಮ ಮುಖ ಕಿವುಚಿಕೊಂಡು, ಮರ್ಯಾದೆಗೆ ಏನೂ ಅನ್ನದೆ, ಕಮಲದ ತನಕ ಬಂದಳು. ಅಲ್ಲಿ ಭಾರವೆಲ್ಲ ಎಡಗಾಲಿನ ಮೇಲೆ ಬಿತ್ತು. ಅವಳು ಕೂಗಲಿಲ್ಲ. ನಿಂತು, ಮೆಲ್ಲಗೆ ಅಲ್ಲೇ ಕುಳಿತಳು. ಪಾದದ ಮಧ್ಯೆ ಬೆರಳುದ್ದ ಸೀಳಿತ್ತು. ಹಿಂದೆ ತಿರುಗಿ ನೋಡಿದರೆ ಬಿಳಿ ಚೂರುಗಳ ಮೇಲೆ ಎಲ್ಲರ ಹೆಜ್ಜೆಗಳೂ ಕೆಂಪಗೆ ಒದ್ದೆಯಾಗಿ ಬಂದಿದ್ದವು.

"ಅರಿಶಿನ ತನ್ನಿ, ಬಟ್ಟೆ ತನ್ನಿ," ಎಂದು ಗಂಗಲಕ್ಷ್ಮಮ್ಮ ಓಡಿದಳು.

"ಬೇಡಮ್ಮ," ಎಂದಳು ಮುನಿವೆಂಕಟಮ್ಮ. ಧ್ವನಿ ಶಾಂತವಾಗಿತ್ತು. "ಹೊಸಿಲು ತುಳಿಯೋಕೆ ಮುಂಚೆ ರಕ್ತ ಕಾಣಿಸಿದ ಹುಡುಗಿ. ಒಂದೊಂದು ಚೂರೂ ಅವಳ ಕೈಯದ್ದು ಅಂದ್ರಲ್ಲ. ಅವಳ ಕೈಯಲ್ಲಿ ನಾವು ಊಟ ಮಾಡೋದು ಬೇಡ."

ಮದುವೆಯ ಹುಡುಗ ತಾಯಿಯನ್ನು ಎತ್ತಿಕೊಂಡು ಹೋಗಿ ಜಟಕಾದಲ್ಲಿ ಕೂರಿಸಿದ. ಅವನು ಮಣ್ಣಿನ ಮೇಲೆ ನಡೆದುಹೋದ. ಒಳಗೆ ಕೇಸರಿಬಾತು ಮುಚ್ಚಿದ ಹಾಗೇ ಇತ್ತು.

ಆ ಮಧ್ಯಾಹ್ನ ಗಂಗಲಕ್ಷ್ಮಮ್ಮ ಮಗಳ ತಲೆಯ ಹೂವನ್ನು ಕಿತ್ತು ಒಲೆಗೆ ಹಾಕಿದಳು. "ಕಿಟಕೀಲಿ ನಿಂತು ಇಣುಕಿದ್ಯಲ್ಲ, ನಿನ್ನ ದೃಷ್ಟಿಯೇ ತಾಗಿದ್ದು. ಇನ್ನು ನಿನ್ನ ಯಾರು ಕೇಳ್ತಾರೆ?" ಎಂದು ಎರಡು ಬಿಗಿದಳು. ಸೊಸೆಯನ್ನು ಯಾರೂ ಏನೂ ಕೇಳಲಿಲ್ಲ. ದಾರಿ ಯಶೋದೆ ಮಾಡಿದ್ದೆಂದು ಊರೆದುರು ಹೇಳಿಯಾಗಿತ್ತಲ್ಲ.

ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಆದಿಲಕ್ಷ್ಮಿಯ ಹತ್ತಿರ ಯಶೋದೆ ಬಂದಳು. ಕೆನ್ನೆ ಊದಿತ್ತು. ಸೆರಗಿನಿಂದ ನೀಲಿ ಹೂವಿನ ಕಪ್ಪನ್ನು ತೆಗೆದು ತೊಟ್ಟಿಯ ಕಟ್ಟೆಯ ಮೇಲಿಟ್ಟಳು.

"ಅಮ್ಮ ಟ್ರಂಕು ಇಳಿಸು ಅಂದಾಗ, ಅಣ್ಣ ಅಟ್ಟ ಹತ್ತೋ ಮುಂಚೆ ಇದೊಂದನ್ನ ತೆಗೆದು ಬಣವೇಲಿ ಬಚ್ಚಿಟ್ಟಿದ್ದೆ. ಒಪ್ಪಿಗೆ ಆದ ದಿನ ನಿಮ್ಮ ಕೈಗೆ ಕೊಡೋಣ ಅಂತಿದ್ದೆ ಅತ್ತಿಗೆ."

ಆದಿಲಕ್ಷ್ಮಿಯ ಕೈಯ ಬೂದಿ ಒಣಗುತ್ತಿತ್ತು.

"ನಿಮ್ಮಪ್ಪ ಅವತ್ತು ಹೇಳಿದ್ದು ನಾನೂ ಕೇಳಿಸ್ಕೊಂಡಿದ್ದೆ," ಎಂದಳು ಯಶೋದೆ. "ನೀವು ಉಜ್ಜಿರ್ತೀರಿ ಅನ್ಕೊಂಡೆ."

"ನಿಮ್ಮಮ್ಮನಿಗೆ ಹೇಳೋಕೆ ಹೋದೆ ಯಶೋದ. ಕೇಳಿಸ್ಕೊಳ್ಳಲಿಲ್ಲ."

"ಅಮ್ಮ ಕೇಳಲ್ಲ. ನನಗೆ ಹೇಳ್ಬಹುದಿತ್ತಲ್ಲ. ಇಬ್ಬರೂ ಕೂತು ಉಜ್ತಿದ್ವಿ."

ಯಶೋದೆ ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಸುದ್ದಿ ಹಲಸೂರಿನಿಂದ ಮಹದೇವಪುರಕ್ಕೂ, ಅಲ್ಲಿಂದ ಆಚೆಗೂ ಹರಡಿತು. ಮುನಿಆಂಜನಪ್ಪ ಪುಷ್ಯದ ತನಕ ಓಡಾಡಿದ. ಕಡೆಗೆ ಕೃಷ್ಣರಾಜಪುರದ ಒಬ್ಬ ಎರಡು ಮಕ್ಕಳ ತಂದೆ ಒಪ್ಪಿದ. ಹೆಂಡತಿ ಸತ್ತು ಆರು ತಿಂಗಳಾಗಿತ್ತು, ವಯಸ್ಸು ನಲವತ್ತು ದಾಟಿತ್ತು. "ರಕ್ತದ ವಿಷಯ ಕೇಳಿದೀನಿ, ಪರವಾಗಿಲ್ಲ," ಎಂದ ಅವನು. ಹಾಗೆ ಅಂದದ್ದೇ ದೊಡ್ಡ ಉಪಕಾರವೆಂದು ಗಂಗಲಕ್ಷ್ಮಮ್ಮ ಅವನಿಗೆ ಎರಡು ಸಲ ತುಪ್ಪ ಬಡಿಸಿದಳು.

ದಾರಿಯನ್ನು ಕಿತ್ತು ಹಾಕೋಣವೆಂದರೆ ಮುನಿಆಂಜನಪ್ಪ ಒಪ್ಪಲಿಲ್ಲ. ಅಷ್ಟು ಕಷ್ಟಪಟ್ಟು ತಂದ ಸಿಮೆಂಟು. ಮನೆಯವರು ಅದರ ಪಕ್ಕದ ಮಣ್ಣಿನಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡರು.

ಲಗ್ನ ಇಟ್ಟ ಮಾರನೆಯ ದಿನ ಆದಿಲಕ್ಷ್ಮಿ ಸಾಣೆಕಲ್ಲು, ನೀರಿನ ಬೋಗುಣಿ ತೆಗೆದುಕೊಂಡು ಗೇಟಿನ ಹತ್ತಿರ ಕುಳಿತಳು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ದಿನಾ ಉಜ್ಜಿದಳು. ಅಂಜನಮೂರ್ತಿ ಒಂದೆರಡು ದಿನ ನೋಡಿ, "ಈಗ್ಯಾಕೆ?" ಎಂದ. ಅವಳು ಕಲ್ಲಿಗೆ ನೀರು ಹಾಕಿಕೊಂಡಳು. ಒಂದೊಂದು ಚೂರಿಗೂ ಅಂಗೈ ಆಡಿಸಿ ನೋಡಿ ಮುಂದಕ್ಕೆ ಸರಿದಳು. ಮದುವೆಗೆ ಎರಡು ದಿನ ಇರುವಾಗ ಕಮಲ ಮುಗಿಯಿತು. ಗೇಟಿನಿಂದ ಜಗಲಿಯ ತನಕ ರೇಷ್ಮೆಯ ಹಾಗಿತ್ತು.

ಹೆಣ್ಣು ಕಳಿಸಿಕೊಡುವ ದಿನ ಬೆಳಗಿನ ಜಾವ ಅಕಾಲದ ಮಳೆ ಬಿದ್ದಿತ್ತು. ಜಟಕಾ ಗೇಟಿನ ಹೊರಗೆ ಕಾಯುತ್ತಿತ್ತು. ಮಡಿಲು ತುಂಬಿಸಿಕೊಂಡ ಯಶೋದೆ ಜಗಲಿ ಇಳಿದಳು. ಆದಿಲಕ್ಷ್ಮಿ ಮುಂದೆ ಹೋಗಿ ಕಮಲದ ಮೇಲೆ ಬರಿಗಾಲಲ್ಲಿ ನಿಂತು ಕೈ ಚಾಚಿದಳು.

"ಬಾಮ್ಮ. ಉಜ್ಜಿದೀನಿ. ಏನೂ ಚುಚ್ಚಲ್ಲ."

ಯಶೋದೆ ಅವಳ ಕೈಯನ್ನು ನೋಡಿದಳು, ದಾರಿಯನ್ನು ನೋಡಿದಳು.

"ದಾರಿ ಮೇಲೆ ನಡಿಯೇ, ಸೀರೆ ಕೆಸರಾಗುತ್ತೆ," ಎಂದಳು ಗಂಗಲಕ್ಷ್ಮಮ್ಮ ಹಿಂದಿನಿಂದ.

ಯಶೋದೆ ಧಾರೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಬಾಟ್ಲಿಯ ಅಂಚು ದಾಟಿ, ಕೆಸರಿಗಿಳಿದಳು. ನಲವತ್ತು ಹೆಜ್ಜೆಯನ್ನೂ ಅದರಲ್ಲೇ ನಡೆದು ಗೇಟು ದಾಟಿದಳು. ಜಟಕಾ ಹತ್ತುವಾಗ ಅವಳ ಗಂಡ, "ಕಾಲು ತೊಳ್ಕೊಳ್ಳೋಕೆ ನೀರು ಕೊಡ್ರಮ್ಮ ಯಾರಾದ್ರೂ," ಎಂದ.

ಆದಿಲಕ್ಷ್ಮಿ ಚೊಂಬು ತರುವಷ್ಟರಲ್ಲಿ ಗಾಡಿ ಹೊರಟಿತ್ತು.